ಮೂತ್ರಪಿಂಡ ಕಸಿ: ಕನ್ಯಾನದ ಗಡಿಯಿಂದ ಮಂಗಳೂರಿನವರೆಗೆ

ಮೂತ್ರಪಿಂಡ ಕಸಿ: ಎರಡೂ ಮೂತ್ರಪಿಂಡಗಳು ಮರಳಿ ಸರಿಹೋಗದಂತೆ ಕೆಟ್ಟಾಗ ಬೇರೊಬ್ಬರ ಆರೋಗ್ಯವಂತ ಮೂತ್ರಪಿಂಡವನ್ನು ರೋಗಿಯ ದೇಹಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ, ಮತ್ತು ಆ ಮೂತ್ರಪಿಂಡವನ್ನು ಬಾಳಿಸಿಕೊಳ್ಳಲು ಜೀವಮಾನವಿಡೀ ನಡೆಯುವ ಔಷಧೋಪಚಾರ. ಆಡುಮಾತಿನಲ್ಲಿ ಕಿಡ್ನಿ ಕಸಿ. ಈ ಎರಡರಲ್ಲಿ ಶಸ್ತ್ರಚಿಕಿತ್ಸೆ ಮೂರ್ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿ ಎಷ್ಟು ವರ್ಷ, ಹೇಗೆ ಬದುಕುತ್ತಾನೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡನೆಯದು. ಬಂಟ್ವಾಳ ತಾಲೂಕಿನ ತುದಿಯಲ್ಲಿ, ವಿಟ್ಲದಿಂದಾಚೆ ಕೇರಳದ ಗಡಿಗೆ ತಾಗಿಕೊಂಡಿರುವ ಕನ್ಯಾನದಂಥ ಊರಿನ ಕಡೆಯಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಸಿ ನಡೆಯುವುದು ಮಂಗಳೂರಿನಲ್ಲೋ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ. ಅದು ಉಳಿಯಬೇಕಾದದ್ದು ಅಡಿಕೆ ತೋಟದ ನಡುವಿನ ಮನೆಯಲ್ಲಿ, ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ, ದಿನಕ್ಕೆ ಕೆಲವೇ ಬಸ್ಸುಗಳು ಓಡುವ ರಸ್ತೆಯ ಪಕ್ಕದಲ್ಲಿ.

ರೋಗ ಮತ್ತು ಡಯಾಲಿಸಿಸ್

ಮೂತ್ರಪಿಂಡಗಳು ಪೂರ್ತಿ ಕೆಡಲು ಇಂದು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಮೂತ್ರಪಿಂಡದ ಶೋಧಕಗಳ ಉರಿಯೂತ, ವಂಶದಲ್ಲಿ ಬರುವ ನೀರುಗುಳ್ಳೆ ರೋಗ, ಪದೇ ಪದೇ ಕಾಡುವ ಕಲ್ಲು, ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆ ಉಳಿದ ಕಾರಣಗಳು. ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರವೂ ಮೂತ್ರಪಿಂಡವನ್ನು ಹಠಾತ್ತನೆ ನಿಲ್ಲಿಸುತ್ತದೆ. ಆದರೆ ಸಕಾಲಕ್ಕೆ ಔಷಧ ಮತ್ತು ಕೆಲವು ದಿನಗಳ ಡಯಾಲಿಸಿಸ್ (ಯಂತ್ರದಿಂದ ರಕ್ತದ ಶುದ್ಧೀಕರಣ) ಸಿಕ್ಕರೆ ಅದು ಬಹುಪಾಲು ಚೇತರಿಸಿಕೊಳ್ಳುತ್ತದೆ, ಕಸಿಯ ಮಾತೇ ಬರುವುದಿಲ್ಲ. ಮನೆಯಂಗಳದ ಬಿಂಬುಳಿಯ ಹೆಸರನ್ನೂ ಇಲ್ಲಿ ಹೇಳಬೇಕು. ಸಾರಿಗೆ, ಉಪ್ಪಿನಕಾಯಿಗೆ ಒಂದೆರಡು ಹಾಕಿದರೆ ತೊಂದರೆಯಿಲ್ಲ. ಕೊಬ್ಬು ಕರಗುತ್ತದೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿದವರಲ್ಲಿ ಆಕ್ಸಲೇಟ್ ಹರಳುಗಟ್ಟಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮೂತ್ರಪಿಂಡ ಮೊದಲೇ ಸೋತವರಿಗೆ ದಾರೆಹುಳಿ ಇನ್ನೂ ಅಪಾಯಕಾರಿ. ಅದರಲ್ಲಿರುವ ವಿಷಾಂಶ ದೇಹದಿಂದ ಹೊರಹೋಗದೆ ಮೆದುಳಿಗೆ ಏರಿ ಬಿಡದ ಬಿಕ್ಕಳಿಕೆ, ಅಪಸ್ಮಾರ, ಸಾವಿನವರೆಗೂ ಒಯ್ಯಬಲ್ಲದು.

ಕೇಂದ್ರ ಸರ್ಕಾರದ ಅಂದಾಜಿನಂತೆ ದೇಶದಲ್ಲಿ ಪ್ರತಿ ವರ್ಷ ಸುಮಾರು 2.2 ಲಕ್ಷ ಮಂದಿ ಮೂತ್ರಪಿಂಡ ವೈಫಲ್ಯದ ಕೊನೆಯ ಹಂತಕ್ಕೆ ಬರುತ್ತಾರೆ. 2023ರಲ್ಲಿ ನಡೆದ ಮೂತ್ರಪಿಂಡ ಕಸಿಗಳು 13,426. ಉಳಿದವರ ಪಾಲಿಗೆ ಇರುವುದು ಡಯಾಲಿಸಿಸ್. ಅದೂ ಸಿಗದವರ ಲೆಕ್ಕ ಬೇರೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ತಾಲೂಕು ಆಸ್ಪತ್ರೆಗಳಿಗೂ ಡಯಾಲಿಸಿಸ್ ಯಂತ್ರಗಳು ಬಂದು, ಬಿಪಿಎಲ್ ಕುಟುಂಬಗಳಿಗೆ ಉಚಿತವಾಗಿ ಸಿಗುವಂತಾದದ್ದು ದೊಡ್ಡ ಉಪಕಾರ. ಅದಕ್ಕೂ ಮೊದಲು ಹೆಚ್ಚಿನವರು ಮಂಗಳೂರಿನಂಥ ಪಟ್ಟಣಗಳಿಗೇ ಹೋಗಬೇಕಿತ್ತು. ಆದರೂ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವವನಿಗೆ ಕೂಲಿಗೆ ಹೋಗಲಾಗುವುದಿಲ್ಲ. ಅವನ ಜೊತೆ ಬರುವ ಹೆಂಡತಿಗೆ ಬೀಡಿ ಕಟ್ಟಲೂ ಆಗುವುದಿಲ್ಲ. ನೀರು ಅಳೆದು ಕುಡಿಯಬೇಕು. ಬೊಂಡ, ಬಾಳೆಹಣ್ಣು, ಹಲಸು ಪೊಟ್ಯಾಸಿಯಂ ಏರಿಸುತ್ತವೆಂದು ಬಿಡಬೇಕು. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿ ಉಪ್ಪಿನ ಕಾರಣಕ್ಕೆ ದೂರವಿಡಬೇಕು. ತೋಟವೇ ಆಧಾರವಾದ ಮನೆಯಲ್ಲಿ ಸ್ವಂತ ತೆಂಗಿನ ಬೊಂಡವನ್ನೇ ಮುಟ್ಟಬಾರದೆಂಬ ನಿಯಮ ಪಾಲಿಸುವುದು ಸುಲಭವಲ್ಲ. ಕಸಿಯ ಬಗ್ಗೆ ಯೋಚನೆ ಆರಂಭವಾಗುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಡಯಾಲಿಸಿಸ್‌ಗೆ ಮೊದಲೇ ಅಥವಾ ಅದರ ಆರಂಭದಲ್ಲೇ ಕಸಿಯಾದರೆ ಫಲಿತಾಂಶ ಉತ್ತಮ; ವರ್ಷಗಳು ಕಳೆದಷ್ಟೂ ಹೃದಯ, ರಕ್ತನಾಳಗಳು ಸವೆದಿರುತ್ತವೆ. ಆದ್ದರಿಂದ ಮೂತ್ರಪಿಂಡ ತಜ್ಞರ (ನೆಫ್ರಾಲಜಿಸ್ಟ್) ಬಳಿಗೆ ರೋಗಿ ಬೇಗ ತಲುಪುವುದು ಮುಖ್ಯ. ತಡವಾಗಿ ಬರುವುದೇ ನಮ್ಮಲ್ಲಿ ಹೆಚ್ಚು.

ಚರಿತ್ರೆ

1933ರಲ್ಲಿ ಸೋವಿಯತ್ ವೈದ್ಯ ಯೂರಿ ವೊರೊನೊಯ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಮೂತ್ರಪಿಂಡ ಕಸಿಗೆ ಕೈಹಾಕಿದ. ಅದು ಕೆಲಸ ಮಾಡಲಿಲ್ಲ. 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿಯ ತಂಡ ಏಕರೂಪಿ ಅವಳಿ ಸಹೋದರರ ನಡುವೆ ಕಸಿ ಮಾಡಿತು. ರೋಗಿ ಎಂಟು ವರ್ಷ ಬದುಕಿದ. ಮರ್ರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ಅವಳಿಗಳಲ್ಲದವರ ನಡುವೆ ಕಸಿ ಸಾಧ್ಯವಾಗಲು ದೇಹ ಪರಕೀಯ ಅಂಗವನ್ನು ತಿರಸ್ಕರಿಸದಂತೆ ತಡೆಯುವ, 1960ರ ದಶಕದ ಅಜಥಯೋಪ್ರಿನ್ ಔಷಧ ಬೇಕಾಯಿತು. ಕಸಿ ನೆಚ್ಚಬಹುದಾದ ಚಿಕಿತ್ಸೆಯಾದದ್ದು 1980ರ ದಶಕದಲ್ಲಿ ಸೈಕ್ಲೊಸ್ಪೊರಿನ್ ಎಂಬ ಔಷಧ ಬಂದ ಮೇಲೆ. ಭಾರತದಲ್ಲಿ ಮೊದಲ ಪ್ರಯತ್ನ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1965ರಲ್ಲಿ ನಡೆಯಿತು. ಜೀವಂತ ದಾನಿಯಿಂದ ಯಶಸ್ವಿಯಾದ ಮೊದಲ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ಕರ್ನಾಟಕದ ರೋಗಿಗಳು ಬಹಳ ಕಾಲ ವೆಲ್ಲೂರು, ಮದರಾಸುಗಳಿಗೇ ಹೋಗುತ್ತಿದ್ದರು.

ದಕ್ಷಿಣ ಕನ್ನಡ, ಉಡುಪಿಗಳ ಪರಿಸ್ಥಿತಿ ಬದಲಾದದ್ದು ವೈದ್ಯಕೀಯ ಕಾಲೇಜುಗಳಿಂದ. 1953ರಲ್ಲಿ ಟಿ.ಎಂ.ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಇಲ್ಲಿ ತಜ್ಞವೈದ್ಯರ ಪರಂಪರೆಯನ್ನು ಬೆಳೆಸಿತು. ಮಂಗಳೂರಿನ ಹಳೆಯ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೇ ಅದರ ವಿದ್ಯಾರ್ಥಿಗಳು ಕಲಿತರು. ಇಂದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಕೆಎಂಸಿ, ಕುಂಟಿಕಾನದ ಎ.ಜೆ. ಆಸ್ಪತ್ರೆ, ದೇರಳಕಟ್ಟೆಯ ಯೆನೆಪೋಯ ಸೇರಿದಂತೆ ಹಲವು ಕಡೆ ಮೂತ್ರಪಿಂಡ ಕಸಿ ನಡೆಯುತ್ತದೆ. ಸರ್ಕಾರಿ ವಲಯದಲ್ಲಿ ಕಸಿಗೆ ಹೆಸರಾದದ್ದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ. ಕಸಿ ತಜ್ಞರಿರುವ ಕರಾವಳಿಯ ಆಸ್ಪತ್ರೆಗಳು ಬಹುಪಾಲು ಖಾಸಗಿಯವು ಎಂಬ ಸಂಗತಿ ಬಡ ರೋಗಿಯ ದಾರಿಯನ್ನು ಮೊದಲೇ ನಿರ್ಧರಿಸಿಬಿಡುತ್ತದೆ.

ದಾನಿ, ಕಾನೂನು, ಸಂಬಂಧ

1980ರ ದಶಕದಲ್ಲೂ 90ರ ದಶಕದ ಮೊದಲ ಭಾಗದಲ್ಲೂ ಮದರಾಸು, ಬೆಂಗಳೂರು, ಮುಂಬಯಿಗಳಲ್ಲಿ ಸಾಲದಲ್ಲಿ ಮುಳುಗಿದವರ ಮೂತ್ರಪಿಂಡಗಳು ದಲ್ಲಾಳಿಗಳ ಮೂಲಕ ಮಾರಾಟವಾದವು. ಆ ಹಣದಿಂದ ಮಾರಿದವರ ಬಾಳು ಸುಧಾರಿಸಲಿಲ್ಲ. ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು ಸಂದರ್ಶಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 100ರಲ್ಲಿ 96 ಮಂದಿ ಮಾರಿದ್ದು ಸಾಲ ತೀರಿಸಲು. ಅನಂತರ ಅವರ ಕುಟುಂಬದ ಆದಾಯ ಸರಾಸರಿ ಮೂರನೆಯ ಒಂದು ಭಾಗ ಕುಸಿದಿತ್ತು, 100ರಲ್ಲಿ 86 ಮಂದಿ ತಮ್ಮ ಆರೋಗ್ಯ ಹದಗೆಟ್ಟಿತೆಂದರು. ಕಿಡ್ನಿ ಮಾರಾಟವನ್ನು ಅಪರಾಧವಾಗಿಸಿ, ಮೆದುಳಿನ ಸಾವನ್ನು ಸಾವೆಂದೇ ಒಪ್ಪಿದ ಮಾನವ ಅಂಗಗಳ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು.

ಕಾಯ್ದೆ 'ಹತ್ತಿರದ ಸಂಬಂಧಿ' ಎಂದು ಎಣಿಸುವುದು ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿಯರನ್ನು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಇವರು ದಾನಿಗಳಾದರೆ ದಾಖಲೆಗಳನ್ನು ಪರಿಶೀಲಿಸಿ ಆಸ್ಪತ್ರೆಯ ಹಂತದಲ್ಲೇ ಒಪ್ಪಿಗೆ ಸಿಗಬಹುದು. ಉಳಿದ ಯಾರೇ ಆಗಲಿ, ವಾತ್ಸಲ್ಯದಿಂದ ಕೊಡುತ್ತಿದ್ದೇವೆ, ಹಣದ ವ್ಯವಹಾರವಿಲ್ಲ ಎಂದು ಅನುಮತಿ ಸಮಿತಿಯ ಮುಂದೆ ನಿರೂಪಿಸಬೇಕು. ಈ ಪಟ್ಟಿಯಲ್ಲಿ ತಾಯಿಯ ಅಣ್ಣತಮ್ಮಂದಿರು ಇಲ್ಲ. ಹೆಣ್ಣಿನ ಮೂಲಕ ವಂಶ, ಆಸ್ತಿ ಸಾಗುವ ಅಳಿಯಸಂತಾನ ಕಟ್ಟು ತಲೆಮಾರುಗಳ ಕಾಲ ನಡೆದುಬಂದ ತುಳುನಾಡಿನಲ್ಲಿ ಸೋದರಮಾವ, ತುಳುವರ ತಮ್ಮಲೆ, ಮನೆಯ ಯಜಮಾನ. ಅಕ್ಕತಂಗಿಯರ ಮಕ್ಕಳು ಅವನ ಹೊಣೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ವ್ಯವಸ್ಥೆ ಬದಲಾದರೂ ಮನೆಯೊಳಗಿನ ಬಾಂಧವ್ಯ ಹೋಗಿಲ್ಲ. ಅಂಥ ಮಾವ ಅಳಿಯನಿಗೆ ಮೂತ್ರಪಿಂಡ ಕೊಡಲು ಮುಂದಾದರೆ ಕಾಯ್ದೆಯ ಕಣ್ಣಿಗೆ ಅವನೂ ದೂರದವನೇ. ಮಾರಾಟವನ್ನು ತಡೆಯಲು ಇಂಥ ಬಿಗಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಟುಂಬವೆಂದರೆ ಯಾರು ಎಂಬುದಕ್ಕೆ ಇಡೀ ದೇಶಕ್ಕೆ ಒಂದೇ ಅಳತೆ ಹಾಕಿದಾಗ ಇಲ್ಲಿನವರಿಗೆ ಒಂದು ಸಮಿತಿ, ಹತ್ತು ಕಾಗದಪತ್ರ ಹೆಚ್ಚಾಗುತ್ತವೆ.

ಗಡಿಯ ತೊಡಕು ಇದರ ಮೇಲೆ ಬರುತ್ತದೆ. ಕನ್ಯಾನ, ಕರೋಪಾಡಿಗಳಿಗೂ ಆಚೆಯ ಪೈವಳಿಕೆ, ಬಾಯಾರು, ಮೀಂಜಗಳಿಗೂ ಕೊಡುಕೊಳು, ಮದುವೆ, ದೈವದ ನೇಮ ಎಲ್ಲವೂ ಒಂದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಅದು ಹಾಗೆಯೇ ಉಳಿದಿದೆ. ದಾನಿಯಾಗುವ ದೂರದ ಸಂಬಂಧಿ ಆಚೆ ಬದಿಯ ಮತದಾರನಾಗಿದ್ದರೆ ಕೇರಳದ ಅನುಮತಿ ಸಮಿತಿಯ ಆಕ್ಷೇಪಣೆಯಿಲ್ಲವೆಂಬ ಪತ್ರವೂ ಬೇಕಾಗುತ್ತದೆ. ಒಡಹುಟ್ಟಿದವರಾದರೂ ವಿಳಾಸ, ಸಂಬಂಧಗಳ ದಾಖಲೆಗಳು ಎರಡು ರಾಜ್ಯಗಳ ಕಚೇರಿಗಳಿಂದ, ಎರಡು ಭಾಷೆಗಳಲ್ಲಿ ಬರುತ್ತವೆ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿರುವ ಕಾಸರಗೋಡಿನ ಕನ್ನಡಿಗರೂ ಮಲಯಾಳಿಗಳೂ ಈ ಗೆರೆಯ ಕಾಠಿನ್ಯವನ್ನು 2020ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಂಡರು. ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿಯ ರಸ್ತೆಗಳನ್ನು ಮುಚ್ಚಿತು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಸಕಾಲಕ್ಕೆ ಆಸ್ಪತ್ರೆ ಸೇರಲಾಗದೆ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಗಿ ಕೊನೆಗೆ ತುರ್ತು ರೋಗಿಗಳಿಗೆ ದಾರಿ ಬಿಡುವ ಏರ್ಪಾಡಾಯಿತು. ಡಯಾಲಿಸಿಸ್ ರೋಗಿಗೆ ವಾರ ತಪ್ಪಿದರೆ ಜೀವ ಹೋಗುತ್ತದೆ. ಕಸಿಯಾದವನಿಗೆ ಮಾತ್ರೆ ತಪ್ಪಿದರೆ ಮೂತ್ರಪಿಂಡ ಹೋಗುತ್ತದೆ. ಗಡಿ ಮುಚ್ಚುವ ಮೊದಲು ಈ ಎರಡು ಗುಂಪುಗಳನ್ನು ನೆನೆಯದ ಆಡಳಿತವನ್ನು ಕ್ಷಮಿಸಲಾಗದು.

ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಗುಂಪು ಹೊಂದದೆಯೂ, ರಕ್ತದಲ್ಲಿನ ಪ್ರತಿಕಾಯಗಳನ್ನು ಮುಂಚಿತವಾಗಿ ತೆಗೆದು ಕಸಿ ಮಾಡುವ ವಿಧಾನವುಂಟು. ಅದರ ಖರ್ಚು ಬಹಳ.

ದಾನಿಗಳಲ್ಲಿ ಹೆಂಗಸರೇ ಹೆಚ್ಚು. ದೇಶದಲ್ಲಿ ಜೀವಂತ ದಾನಿಗಳ ಪೈಕಿ 100ರಲ್ಲಿ 60ಕ್ಕೂ ಹೆಚ್ಚು ಮಂದಿ ತಾಯಿ, ಹೆಂಡತಿ, ಅಕ್ಕ, ತಂಗಿಯರಂಥ ಹೆಂಗಸರು. ಅಂಗ ಪಡೆಯುವವರಲ್ಲಿ ಬಹುಪಾಲು ಗಂಡಸರು. ದುಡಿಯುವವನು ಉಳಿಯಲಿ ಎಂಬ ಲೆಕ್ಕಾಚಾರವನ್ನು ಮನೆಯ ಬಡತನ ಮಾಡಿಸುತ್ತದೆ. ಆದರೆ ಅದೇ ಹೆಂಗಸಿನ ಮೂತ್ರಪಿಂಡ ಕೆಟ್ಟಾಗ ಎಷ್ಟು ಗಂಡಸರು ಮುಂದೆ ಬರುತ್ತಾರೆ ಎಂಬ ಪ್ರಶ್ನೆಗೆ ಈ ಅಂಕಿಗಳು ಕೊಡುವ ಉತ್ತರ ತಲೆತಗ್ಗಿಸುವಂಥದು. ದಾನಕ್ಕೆ ಮೊದಲು ದಾನಿಯೊಬ್ಬಳನ್ನೇ ಕೂರಿಸಿಕೊಂಡು, ಮನೆಯವರನ್ನು ಹೊರಗಿಟ್ಟು ಮಾತಾಡಿಸುವುದು ಒಳ್ಳೆಯ ಕಸಿ ವಿಭಾಗದ ಲಕ್ಷಣ. ಅವಳು ಬೇಡವೆಂದರೆ ಕಾರಣವನ್ನು ಮನೆಯವರಿಗೆ ಹೇಳದೆ, ವೈದ್ಯಕೀಯವಾಗಿ ಹೊಂದುವುದಿಲ್ಲ ಎಂದಷ್ಟೇ ತಿಳಿಸಿ ಅವಳನ್ನು ಕಾಪಾಡಬೇಕು. ದಾನದ ಅಪಾಯ ಕಡಿಮೆ, ಇಲ್ಲವೆಂದಲ್ಲ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಸತ್ತ ದಾನಿಗಳು 10,000ಕ್ಕೆ ಸುಮಾರು ಮೂವರು. ಜೀವಮಾನದಲ್ಲಿ ಸ್ವತಃ ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾಗುವ ಸಂಭವ 100ಕ್ಕೆ ಒಂದಕ್ಕಿಂತ ಕಡಿಮೆಯೆಂದು ಇನ್ನೊಂದು ಅಧ್ಯಯನ ಹೇಳುತ್ತದೆ. ದಾನಿಗೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯೇಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕಶ್ಮಲ), ಮೂತ್ರದ ಪರೀಕ್ಷೆ ಆಗಬೇಕು. ರೋಗಿಯನ್ನು ಪ್ರತಿ ತಿಂಗಳು ಕರೆತರುವ ಮನೆಯವರು ದಾನಿಯನ್ನು ಕರೆತರಲು ಮರೆಯುತ್ತಾರೆ.

ಮೆದುಳು ನಿಷ್ಕ್ರಿಯಗೊಂಡವರಿಂದ ದಾನ

ರಸ್ತೆ ಅಪಘಾತದಲ್ಲೋ ಮೆದುಳಿನ ರಕ್ತಸ್ರಾವದಲ್ಲೋ ಮೆದುಳು ಪೂರ್ತಿ ಸತ್ತು, ವೆಂಟಿಲೇಟರಿನಿಂದ ಹೃದಯ ಮಾತ್ರ ಬಡಿಯುತ್ತಿರುವ ಸ್ಥಿತಿಯನ್ನು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಮನೆಯವರು ಒಪ್ಪಿದರೆ ಎರಡು ಮೂತ್ರಪಿಂಡಗಳು ಇಬ್ಬರಿಗೆ ಸಿಗುತ್ತವೆ. ಈ ಹಂಚಿಕೆಗಾಗಿ ಕರ್ನಾಟಕದಲ್ಲಿ 2007ರಲ್ಲಿ ವಲಯ ಸಮನ್ವಯ ಸಮಿತಿ ಹುಟ್ಟಿತು. ಈಗ ಅದು 'ಜೀವಸಾರ್ಥಕತೆ' ಎಂಬ ಹೆಸರಿನಲ್ಲಿ ರಾಜ್ಯದ ಅಂಗಾಂಗ ಕಸಿ ಸಂಸ್ಥೆಯಾಗಿದೆ. ಮಂಗಳೂರು ಅದರ ವಲಯಗಳಲ್ಲೊಂದು. 2023ರಲ್ಲಿ ರಾಜ್ಯದಲ್ಲಿ 178 ಮಂದಿಯ ಅಂಗದಾನವಾಯಿತು. 252ರೊಂದಿಗೆ ತೆಲಂಗಾಣ ಮೊದಲಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೃತ ದಾನಿಯ ಅಂಗಕ್ಕೆ ಹೆಸರು ನೋಂದಾಯಿಸಲು ಇದ್ದ ವಾಸಸ್ಥಳದ ಷರತ್ತು, 65ರ ವಯೋಮಿತಿ, ನೋಂದಣಿ ಶುಲ್ಕಗಳನ್ನು ತೆಗೆಯಲು ಸೂಚಿಸಿತು. ಪಾಲನೆಯಾದರೆ ಗಡಿನಾಡಿನವರಿಗೆ ಇದು ನೇರ ಅನುಕೂಲ.

2021ರ ಜೂನ್‌ನಲ್ಲಿ ಬೈಕ್ ಅಪಘಾತದಿಂದ ಮೆದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ದಾನ ಮಾಡಿದರು. ಕನ್ನಡನಾಡಿನ ಮನೆಮನೆಯಲ್ಲೂ ಮೆದುಳಿನ ಸಾವು ಎಂದರೇನೆಂಬ ಮಾತು ಆ ದಿನಗಳಲ್ಲಿ ನಡೆಯಿತು. ಆದರೂ ಇಂದಿಗೂ ದೇಶದ ಮೂತ್ರಪಿಂಡ ಕಸಿಗಳಲ್ಲಿ ಹೆಚ್ಚಿನವು ಜೀವಂತ ದಾನಿಗಳಿಂದಲೇ. ಐಸಿಯುವಿನ ಹೊರಗೆ ಕುಳಿತವರ ಬಳಿ ಹೋಗಿ, ಸಾವಿನ ಸುದ್ದಿ ಹೇಳಿ, ಅವರು ಅದನ್ನು ಅರಗಿಸಿಕೊಳ್ಳುವವರೆಗೆ ಕಾದು, ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ದಾನದ ಪ್ರಶ್ನೆ ಕೇಳಬಲ್ಲ ಕಸಿ ಸಂಯೋಜಕರು ಈ ಇಡೀ ವ್ಯವಸ್ಥೆಯ ಜೀವಾಳ. ಪತ್ರಿಕೆಗಳಲ್ಲಿ ಝೀರೋ ಟ್ರಾಫಿಕ್ ಆಂಬುಲೆನ್ಸ್‌ನ ಚಿತ್ರ ಬರುತ್ತದೆ, ಅವರ ಹೆಸರು ಬರುವುದಿಲ್ಲ.

ಶಸ್ತ್ರಚಿಕಿತ್ಸೆ

ದಾನಿಯ ಮೂತ್ರಪಿಂಡವನ್ನು ಈಗ ಹೆಚ್ಚಾಗಿ ಲ್ಯಾಪರೋಸ್ಕೋಪಿಯಿಂದ, ಸಣ್ಣ ರಂಧ್ರಗಳ ಮೂಲಕ ಬಿಡಿಸಿ ತೆಗೆಯುತ್ತಾರೆ. ರೋಗಿಯ ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊಸದನ್ನು ಕೆಳಹೊಟ್ಟೆಯ ಪಕ್ಕದಲ್ಲಿಟ್ಟು, ಸೊಂಟದ ದೊಡ್ಡ ರಕ್ತನಾಳಗಳಿಗೆ ಜೋಡಿಸಿ, ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಜೀವಂತ ದಾನಿಯದಾದರೆ ಬಹಳ ಸಲ ಮೇಜಿನ ಮೇಲೆಯೇ ಮೂತ್ರ ಹರಿಯತೊಡಗುತ್ತದೆ. ಮೃತ ದಾನಿಯದು ಮಂಜುಗಡ್ಡೆಯಲ್ಲಿ ಗಂಟೆಗಟ್ಟಲೆ ಇದ್ದು ಬಂದಿರುವುದರಿಂದ ಕೆಲವೊಮ್ಮೆ ದಿನಗಳ ಕಾಲ ಸುಮ್ಮನಿರುತ್ತದೆ, ಅಷ್ಟರವರೆಗೆ ಡಯಾಲಿಸಿಸ್ ಮುಂದುವರಿಯುತ್ತದೆ.

ಫಲಿತಾಂಶ

ಕಸಿಯ ಮೊದಲ ಕೆಲವು ವಾರಗಳು ಡಯಾಲಿಸಿಸ್‌ಗಿಂತ ಅಪಾಯಕರ. 1999ರಲ್ಲಿ ಪ್ರಕಟವಾದ ಅಮೆರಿಕದ ಹೆಸರಾಂತ ಅಧ್ಯಯನ, ಕಸಿಗಾಗಿ ಕಾಯುತ್ತಿದ್ದವರೊಂದಿಗೆ ಮೃತ ದಾನಿಯ ಕಸಿಯಾದವರನ್ನು ಹೋಲಿಸಿತು. ಮೊದಲ ಎರಡು ವಾರಗಳಲ್ಲಿ ಕಸಿಯಾದವರ ಸಾವಿನ ಸಂಭವ 2.8 ಪಟ್ಟು ಹೆಚ್ಚಿತ್ತು. ಆಮೇಲೆ ಅದು ಇಳಿಯುತ್ತ ಹೋಗಿ, ಒಂದೂವರೆ ವರ್ಷದ ಹೊತ್ತಿಗೆ ಕಾಯುತ್ತಿದ್ದವರದಕ್ಕಿಂತ ಬಹಳ ಕಡಿಮೆಯಾಯಿತು. ಕಾಯುವವರಿಗೆ ಇನ್ನು 10 ವರ್ಷ ಆಯುಷ್ಯವೆಂದು ಅಂದಾಜಾದರೆ ಕಸಿಯಾದವರಿಗೆ 20 ವರ್ಷ. ಈಗಿನ ದೊಡ್ಡ ನೋಂದಣಿಗಳಲ್ಲಿ ಜೀವಂತ ದಾನಿಯ ಮೂತ್ರಪಿಂಡಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು, ಮೃತ ದಾನಿಗಳದರಲ್ಲಿ 90ಕ್ಕೂ ಹೆಚ್ಚು ಒಂದು ವರ್ಷದ ನಂತರ ಕೆಲಸ ಮಾಡುತ್ತಿರುತ್ತವೆ. ಐದು ವರ್ಷದ ಹೊತ್ತಿಗೆ ಅವು ಕ್ರಮವಾಗಿ 85 ಮತ್ತು 75ರ ಆಸುಪಾಸಿಗೆ ಬರುತ್ತವೆ. ಈ ಇಳಿಕೆಗೆ ಶಸ್ತ್ರವೈದ್ಯನ ಕೈ ಕಾರಣವಲ್ಲ.

ದೇಹ ಪರಕೀಯ ಅಂಗವನ್ನು ಎಂದಿಗೂ ಒಪ್ಪಿ ಮುಗಿಸುವುದಿಲ್ಲ. ದೇಹದ ಈ ವಿರೋಧವನ್ನು ತಡೆಹಿಡಿಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರು ಔಷಧಗಳನ್ನು ಗಡಿಯಾರ ನೋಡಿ ನುಂಗಬೇಕು. ಟ್ಯಾಕ್ರೊಲಿಮಸ್ ರಕ್ತದಲ್ಲಿ ಕಡಿಮೆಯಾದರೆ ದೇಹ ಮೂತ್ರಪಿಂಡವನ್ನು ತಿರಸ್ಕರಿಸುತ್ತದೆ, ಹೆಚ್ಚಾದರೆ ಔಷಧವೇ ಅದನ್ನು ಕೆಡಿಸುತ್ತದೆ. ಚಕ್ಕೋತದಂಥ ಹಣ್ಣು, ಕ್ಷಯದ ಔಷಧ, ಕೆಲವು ಆಂಟಿಬಯೋಟಿಕ್‌ಗಳು ಅದರ ಮಟ್ಟವನ್ನು ಏರುಪೇರು ಮಾಡುತ್ತವೆ. ಅಮೃತಬಳ್ಳಿಯಂತೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಹೆಸರಾದ ಮನೆಮದ್ದು ಕಸಿಯಾದವರಿಗೆ ತಕ್ಕದ್ದಲ್ಲ. ಆ ಶಕ್ತಿಯನ್ನು ತಗ್ಗಿಸಿಡುವುದೇ ಅವರ ಚಿಕಿತ್ಸೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಮನೆಯವರೆಲ್ಲ ಕುಡಿಯುವ ಹಾಲೆಮರದ ಕಷಾಯದಿಂದಲೂ ಅವರು ದೂರವಿರುವುದು ಕ್ಷೇಮ. ಹಿರಿಯರು ಒಂದು ಗುಟುಕಿಗೆ ಒತ್ತಾಯಿಸಬಾರದು.

ಭಾರತದಲ್ಲಿ ಕಸಿಯಾದವರನ್ನು ಹೆಚ್ಚು ಬಲಿತೆಗೆದುಕೊಳ್ಳುವುದು ಸೋಂಕು. ವೆಲ್ಲೂರಿನಲ್ಲಿ 1986ರಿಂದ 1999ರವರೆಗೆ ಕಸಿಯಾದವರನ್ನು ಗಮನಿಸಿದಾಗ 100ರಲ್ಲಿ ಸುಮಾರು 13 ಮಂದಿಗೆ ಕ್ಷಯ ಬಂದಿತ್ತು. ಕರಾವಳಿಯ ವೈದ್ಯರು ಇನ್ನೊಂದು ರೋಗಕ್ಕೂ ಕಣ್ಣಿಟ್ಟಿರುತ್ತಾರೆ. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯದಿಂದ ಬರುವ ಮೆಲಿಯಾಯ್ಡೊಸಿಸ್ ಅದು. ಮಣಿಪಾಲದ ವೈದ್ಯರು ದೇಶದಲ್ಲೇ ಹೆಚ್ಚಾಗಿ ಗುರುತಿಸಿ ಬರೆದಿರುವ ರೋಗಗಳಲ್ಲಿ ಇದೂ ಒಂದು. ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ರೋಗನಿರೋಧಕ ಶಕ್ತಿ ತಗ್ಗಿದವರಲ್ಲಿ ಅದು ಉಲ್ಬಣಿಸುತ್ತದೆ. ಕ್ಷಯದಂತೆ ಕಂಡು ವೈದ್ಯರನ್ನೂ ದಾರಿತಪ್ಪಿಸುತ್ತದೆ. ಇಲಿಜ್ವರ, ಡೆಂಗಿ, ಮಲೇರಿಯಗಳೂ ಇವೆ. ಕಸಿಯಾದ ಕೃಷಿಕ ಬರಿಗಾಲಲ್ಲಿ ತೋಟದ ಕೆಸರಿಗೆ ಇಳಿಯಬಾರದು, ಕುದಿಸಿದ ನೀರನ್ನೇ ಕುಡಿಯಬೇಕು, ಜ್ವರ ಬಂದರೆ ಊರಿನ ಮೆಡಿಕಲ್ಲಿನಿಂದ ಮಾತ್ರೆ ತಂದು ಕಾಯದೆ ಅದೇ ದಿನ ಕಸಿ ವಿಭಾಗಕ್ಕೆ ಫೋನು ಮಾಡಬೇಕು. ಈ ಮೂರನ್ನು ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದು ಕೊಡುವ ಆಸ್ಪತ್ರೆ ಜೀವ ಉಳಿಸುತ್ತದೆ.

ಮೂತ್ರಪಿಂಡ ಕಳೆದುಕೊಳ್ಳುವ ಇನ್ನೊಂದು ದಾರಿ ಹಣದ್ದು. ಶಸ್ತ್ರಚಿಕಿತ್ಸೆಗೆ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವಿದೆ. ಊರಿನ ಸಂಘಸಂಸ್ಥೆಗಳು, ದೇವಸ್ಥಾನ, ಮಸೀದಿ, ಇಗರ್ಜಿಗಳು, ಮುಂಬಯಿಯಲ್ಲೂ ಗಲ್ಫ್‌ನಲ್ಲೂ ಇರುವ ಊರವರು ಸೇರಿಸಿ ಕೊಡುವ ಹಣವೂ ಬರುತ್ತದೆ; ಈ ವಿಷಯದಲ್ಲಿ ಜಿಲ್ಲೆಯ ಜನ ಉದಾರಿಗಳು. ಆದರೆ ಆ ಉದಾರತೆಯೆಲ್ಲ ಶಸ್ತ್ರಚಿಕಿತ್ಸೆಯ ದಿನಕ್ಕೇ ಖರ್ಚಾಗುತ್ತದೆ. ಮೂರನೆಯ ವರ್ಷದ ಹೊತ್ತಿಗೆ, ತಿಂಗಳಿಗೆ ಸಾವಿರಾರು ರೂಪಾಯಿಯ ಮಾತ್ರೆ, ರಕ್ತಪರೀಕ್ಷೆಗಳ ಖರ್ಚು ಮನೆಯೊಂದರ ಮೇಲೆಯೇ ಬಿದ್ದಾಗ ಒಂದು ಹೊತ್ತಿನ ಮಾತ್ರೆ ಬಿಡುವುದು ಶುರುವಾಗುತ್ತದೆ. ರೋಗಿಗೆ ಏನೂ ಆದಂತೆ ತೋರುವುದಿಲ್ಲ. ಕ್ರಿಯೇಟಿನಿನ್ ಏರಿದ್ದು ತಿಳಿಯುವಾಗ ಮೂತ್ರಪಿಂಡದ ಬಹುಭಾಗ ಹೋಗಿರುತ್ತದೆ. ಕಸಿಗೆ ಹಣ ಸಂಗ್ರಹಿಸುವ ಊರವರು ಅದರ ಒಂದು ಪಾಲನ್ನು ಮುಂದಿನ ವರ್ಷಗಳ ಮದ್ದಿಗೆಂದು ಬ್ಯಾಂಕಿನಲ್ಲಿಡುವುದು ಒಳ್ಳೆಯದು. ಸರ್ಕಾರವೂ ಜೀವಮಾನದ ಔಷಧವನ್ನು ತಾಲೂಕು ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಸಿಗುವಷ್ಟೇ ಸುಲಭವಾಗಿ, ಉಚಿತವಾಗಿ ಕೊಡಬೇಕು. ವರ್ಷಗಟ್ಟಲೆ ಡಯಾಲಿಸಿಸ್‌ಗೆ ಆಗುವ ವೆಚ್ಚದೊಂದಿಗೆ ಹೋಲಿಸಿದರೆ ಇದು ಬೊಕ್ಕಸಕ್ಕೂ ನಷ್ಟವಲ್ಲ.

ಅಮೆರಿಕದಲ್ಲಿ ಪ್ರತಿಯೊಂದು ಕಸಿ ಕೇಂದ್ರದ ಫಲಿತಾಂಶವನ್ನು, ಎಷ್ಟು ಮಂದಿ ಉಳಿದರು, ಎಷ್ಟು ಮೂತ್ರಪಿಂಡಗಳು ಉಳಿದವು ಎಂಬುದನ್ನು, ಆರು ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದಿಡುತ್ತಾರೆ. ನಮ್ಮ ಆಸ್ಪತ್ರೆಗಳು ನಡೆಸಿದ ಕಸಿಗಳ ಸಂಖ್ಯೆಯನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳುತ್ತವೆ. ಒಂದು, ಮೂರು, ಐದು ವರ್ಷಗಳ ನಂತರ ಅವರಲ್ಲಿ ಎಷ್ಟು ಮಂದಿ ಡಯಾಲಿಸಿಸ್ ಇಲ್ಲದೆ ಬದುಕಿದ್ದಾರೆ ಎಂಬುದನ್ನೂ ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಬೇಕು, ಜೀವಸಾರ್ಥಕತೆ ಅದನ್ನು ಕಡ್ಡಾಯ ಮಾಡಬೇಕು. ಅದಾಗುವವರೆಗೆ ರೋಗಿಯೂ ಮನೆಯವರೂ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ತಮ್ಮ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ ತಿಳಿಯಲಿ.